ಬಾಯಲ್ಲೇ ಉಳಿದ ಮೂರನೇ ಮಾತು: ಕ್ಷಮೆ, ಕೃಪೆ ಮತ್ತು ನಮ್ಮ ಬೆಲೆ

ಒಬ್ಬ ಹುಡುಗ ದಾರಿಯುದ್ದಕ್ಕೂ ಒಂದು ಮಾತನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಬರುತ್ತಿದ್ದಾನೆ. ಮಾತಿನಲ್ಲಿ ಮೂರು ತುಂಡು. ಅಪ್ಪಾ, ನಾನು ದೇವರಿಗೂ ನಿನಗೂ ವಿರೋಧವಾಗಿ ಪಾಪ ಮಾಡಿದ್ದೇನೆ. ಇನ್ನು ನಿನ್ನ ಮಗ ಅನ್ನಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ನನ್ನನ್ನು ನಿನ್ನ ಕೂಲಿಯಾಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ.

ಇದು ಯೇಸು ಹೇಳಿದ ಕಥೆ. ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಲ್ಲಿ ಒಂದಾದ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ. ಅಪ್ಪ ಬದುಕಿರುವಾಗಲೇ ಆಸ್ತಿಯ ಪಾಲು ಕೇಳಿ ತೆಗೆದುಕೊಂಡು ಹೋದ ಕಿರಿಮಗ, ದೂರದ ದೇಶದಲ್ಲಿ ಎಲ್ಲ ಉಡಾಯಿಸಿ, ಬರಗಾಲ ಬಂದಾಗ ಹಂದಿ ಮೇಯಿಸುವ ಕೆಲಸಕ್ಕೆ ಸೇರಿ, ಹಂದಿಗೆ ಹಾಕುವ ಕಾಯಿಯಾದರೂ ಸಿಕ್ಕರೆ ಸಾಕಪ್ಪಾ ಅನ್ನುವಷ್ಟು ಹಸಿದು, ಕೊನೆಗೆ ವಾಪಸ್ ಹೊರಡುತ್ತಾನೆ. ಅಪ್ಪ ದೂರದಿಂದಲೇ ಕಂಡು ಓಡಿಬಂದು ತಬ್ಬಿಕೊಳ್ಳುತ್ತಾನೆ. ಇಷ್ಟು ಹೆಚ್ಚಿನವರಿಗೆ ಗೊತ್ತು.

ಆದರೆ ಒಂದು ಸಣ್ಣ ವಿಷಯ ನಾನು ಎಷ್ಟೋ ವರ್ಷ ಗಮನಿಸಿರಲಿಲ್ಲ. 18 ಮತ್ತು 19ನೇ ವಚನಗಳಲ್ಲಿ ಹುಡುಗ ಬಾಯಿಪಾಠ ಮಾಡಿದ ಮಾತಿದೆ. 21ರಲ್ಲಿ ಅಪ್ಪನ ಎದುರು ಅದನ್ನು ಹೇಳುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ತುಂಡು ಇದೆ. ಎರಡನೆಯದೂ ಇದೆ. ಮೂರನೆಯದು ಇಲ್ಲ. ಕೂಲಿಯಾಳು ಅನ್ನುವ ಮಾತು ನಾಲಿಗೆಗೆ ಬರುವಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ, ಒಳ್ಳೆಯ ನಿಲುವಂಗಿ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಜೋಡು ಮೆಡಿಸಿ ಅಂತ ಹೇಳಿಬಿಟ್ಟಿದ್ದಾನೆ. (ಕೆಲವು ಹಳೆಯ ಕೈಬರಹದ ಪ್ರತಿಗಳಲ್ಲಿ 21ರಲ್ಲೂ ಆ ಸಾಲು ಸೇರಿದೆ. ಅದು ನಕಲು ಮಾಡುವವರು ಮೇಲಿನ ಸಾಲು ನೋಡಿ ಸೇರಿಸಿದ್ದು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.)

ತಪ್ಪು ಮಾಡಿದೆ ಅಂದಾಗ ಅಪ್ಪ ತಡೆಯಲಿಲ್ಲ. ನಾನು ಯೋಗ್ಯನಲ್ಲ ಅಂದಾಗಲೂ ತಡೆಯಲಿಲ್ಲ. ದುಡಿದು ತೀರಿಸುತ್ತೇನೆ ಅನ್ನುವ ಮಾತಿಗೆ ಮಾತ್ರ ಅವಕಾಶ ಕೊಡಲಿಲ್ಲ. ಕ್ಷಮೆ, ಕೃಪೆ ಅಂತ ಕ್ರೈಸ್ತರು ದಿನಾ ಬಳಸುವ, ಬಳಸಿ ಬಳಸಿ ಸವೆದುಹೋದ ಪದಗಳು ಏನು ಹೇಳುತ್ತಿವೆ ಅಂತ ಅರ್ಥವಾಗಬೇಕಾದರೆ ಈ ತಡೆದ ಜಾಗದಲ್ಲೇ ಸ್ವಲ್ಪ ನಿಲ್ಲಬೇಕು.

ಮೊದಲು 'ಪಾಪ' ಅನ್ನುವ ಪದ. ಕೇಳಿದ ತಕ್ಷಣ ಕೆಲವರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಬರೆದದ್ದು ಗ್ರೀಕ್ ಭಾಷೆಯಲ್ಲಿ, ಅಲ್ಲಿ ಬಳಸಿದ ಪದ 'ಹಮಾರ್ತಿಯ'. ಅದರ ಮೂಲದಲ್ಲಿರುವುದು ಗುರಿ ತಪ್ಪುವುದು ಅನ್ನುವ ಅರ್ಥ, ಎಸೆದ ಈಟಿ ಎಲ್ಲೋ ಹೋಗಿ ಬಿದ್ದ ಹಾಗೆ. ನಮ್ಮ ಕನ್ನಡದ ಪದಕ್ಕೆ ಬೇರೆಯದೇ ಒಂದು ಸೊಗಸಿದೆ. ಮಾಡಬಾರದ್ದನ್ನು ಮಾಡಿದರೂ ಪಾಪ, ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೂ 'ಅಯ್ಯೋ ಪಾಪ'. ಒಂದೇ ಪದದಲ್ಲಿ ಆರೋಪವೂ ಇದೆ, ಮರುಕವೂ ಇದೆ. ಆ ಮಗ ಮೊದಲ ಅರ್ಥದ ಪಾಪವನ್ನು ಹೇಳಲು ಬರುತ್ತಿದ್ದಾನೆ. ಅಪ್ಪ ಅಷ್ಟು ದೂರದಿಂದಲೇ ಎರಡನೇ ಅರ್ಥದಲ್ಲಿ 'ಪಾಪ' ಅಂದುಬಿಟ್ಟಿದ್ದಾನೆ. ಇನ್ನೂ ದೂರದಲ್ಲಿರುವಾಗಲೇ ಅವನನ್ನು ಕಂಡು ಕನಿಕರಪಟ್ಟ ಅಂತ ಲೂಕ ಬರೆಯುತ್ತಾನೆ, ಮಗ ಇನ್ನೂ ಬಾಯಿ ಬಿಟ್ಟಿಲ್ಲ.

ಕ್ಷಮೆ ಅಂದರೆ 'ಹೋಗ್ಲಿ ಬಿಡು' ಅಲ್ಲ

ಯಾರಾದರೂ ಸಾರಿ ಕೇಳಿದರೆ ನಾವು ಸಾಮಾನ್ಯವಾಗಿ ಹೇಳುವುದು 'ಹೋಗ್ಲಿ ಬಿಡು, ಏನೂ ಆಗಿಲ್ಲ' ಅಂತ. ಸಣ್ಣಪುಟ್ಟದಕ್ಕೆ ಇದು ಸಾಕು. ಕಾಲು ತುಳಿದದ್ದಕ್ಕೆ ಸಾಕು. ಆದರೆ ನಿಜವಾಗಿಯೂ ಏನೋ ಆಗಿದ್ದರೆ? ನಂಬಿಕೆದ್ರೋಹ, ವರ್ಷಗಟ್ಟಲೆ ಹೇಳಿದ ಸುಳ್ಳು, ಮಗುವಿನ ಮನಸ್ಸು ಮುರಿದ ಮಾತು? ಅಲ್ಲಿ 'ಏನೂ ಆಗಿಲ್ಲ' ಅಂದರೆ ಅದು ಸುಳ್ಳಾಗುತ್ತದೆ. ನೋವು ತಿಂದವರಿಗೆ ಅದು ಇನ್ನೊಂದು ಅವಮಾನ.

ಬೈಬಲಿನಲ್ಲಿ ಕ್ಷಮಿಸು ಅನ್ನುವುದಕ್ಕೆ ಬರುವ ಮುಖ್ಯ ಗ್ರೀಕ್ ಪದದ ಅರ್ಥವೂ 'ಬಿಡು' ಅಂತಲೇ. ಆದರೆ ಅದು ಸಾಲ ಬಿಡುವ ರೀತಿಯ ಬಿಡುವುದು. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ 'ನಮ್ಮ ತಪ್ಪುಗಳನ್ನು ಕ್ಷಮಿಸು' ಅಂತ ನಾವು ಹೇಳುವ ಕಡೆ, ಮತ್ತಾಯನ ಸುವಾರ್ತೆಯ ಮೂಲದಲ್ಲಿ ಇರುವುದು 'ಸಾಲಗಳು' ಅನ್ನುವ ಪದ. ಸಾಲ ಬಿಡುವವನು 'ಸಾಲವೇ ಇರಲಿಲ್ಲ' ಅನ್ನುವುದಿಲ್ಲ. ಇತ್ತು, ಇಷ್ಟಿತ್ತು, ಇನ್ನು ನಿನ್ನಿಂದ ಕೇಳುವುದಿಲ್ಲ, ನಷ್ಟ ನನಗಿರಲಿ ಅನ್ನುತ್ತಾನೆ.

ಮತ್ತಾಯ 18ರಲ್ಲಿ ಇದೇ ಲೆಕ್ಕದ ಒಂದು ಸಾಮ್ಯ, ಅಂದರೆ ಹೋಲಿಕೆಯ ಕಥೆ, ಬರುತ್ತದೆ. ಯೇಸುವಿನ ಶಿಷ್ಯ ಪೇತ್ರ ಬಂದು, ಸ್ವಾಮೀ, ನನಗೆ ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ ಕೇಳುತ್ತಾನೆ. ಏಳು ಅಂದರೆ ದೊಡ್ಡ ಮನಸ್ಸೇ ಅಂತ ಅವನ ಲೆಕ್ಕ ಇರಬೇಕು. ಯೇಸು ಅದಕ್ಕೆ ಒಂದು ಕಥೆ ಹೇಳುತ್ತಾನೆ. ಒಬ್ಬ ಆಳಿಗೆ ರಾಜನ ಹತ್ತಿರ 10,000 ತಲಾಂತು ಸಾಲ. ಒಂದು ತಲಾಂತು ಅಂದರೆ ಸುಮಾರು 6,000 ದೇನಾರಿ, ಒಂದು ದೇನಾರಿ ಅಂದರೆ ಕೂಲಿಯವನ ಒಂದು ದಿನದ ದುಡಿಮೆ. ಗುಣಿಸಿ ನೋಡಿ: 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ 2 ಲಕ್ಷ ವರ್ಷ ಬೇಕು. ಆ ಆಳು ಕಾಲಿಗೆ ಬಿದ್ದು ಏನು ಹೇಳುತ್ತಾನೆ ಗೊತ್ತಾ? ಸ್ವಲ್ಪ ತಾಳ್ಮೆ ಇರಲಿ, ಎಲ್ಲ ತೀರಿಸಿಬಿಡುತ್ತೇನೆ! ಕೇಳುತ್ತಿದ್ದವರು ಇಲ್ಲಿ ನಕ್ಕಿರಬೇಕು. ರಾಜ ಆ ಭರವಸೆಯನ್ನು ನಂಬಿ ವಾಯಿದೆ ಕೊಡುವುದಿಲ್ಲ. ಕನಿಕರಪಟ್ಟು ಇಡೀ ಸಾಲ ಬಿಟ್ಟುಬಿಡುತ್ತಾನೆ. ಅದೇ ಆಳು ಹೊರಗೆ ಬಂದು, ತನಗೆ 100 ದೇನಾರಿ ಕೊಡಬೇಕಾದ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ. ನೂರು ದೇನಾರಿ ಸಣ್ಣ ಮೊತ್ತ ಅಲ್ಲ, ಮೂರು ನಾಲ್ಕು ತಿಂಗಳ ದುಡಿಮೆ. ನಮಗೆ ಬೇರೆಯವರು ಮಾಡಿದ ಅನ್ಯಾಯ ಸುಳ್ಳು ಅಂತ ಯೇಸು ಹೇಳುತ್ತಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ತೋರಿಸುತ್ತಿದ್ದಾನೆ, ಅಷ್ಟೇ.

ಇಲ್ಲೇ ಶಿಲುಬೆ ಬರುತ್ತದೆ. ಬಿಟ್ಟ ಸಾಲ ಎಲ್ಲೂ ಮಾಯವಾಗುವುದಿಲ್ಲ, ಬಿಟ್ಟವನ ಪುಸ್ತಕದಲ್ಲಿ ನಷ್ಟವಾಗಿ ಕೂರುತ್ತದೆ. ದೇವರು ಮನುಷ್ಯನನ್ನು ಕ್ಷಮಿಸಿದಾಗ ಆ ನಷ್ಟ ದೇವರ ಮೇಲೆಯೇ ಬಿತ್ತು, ಯೇಸುವಿನ ಸಾವಿನಲ್ಲಿ ಆಗಿದ್ದು ಅದು ಅಂತ ಕ್ರೈಸ್ತರ ನಂಬಿಕೆ. ಹೇಗೆ ಅನ್ನುವುದಕ್ಕೆ ಒಂದೇ ವಿವರಣೆ ಇಲ್ಲ. ಬಿಡುಗಡೆಗೆ ಕೊಟ್ಟ ಈಡು ಅಂದವರಿದ್ದಾರೆ. ಸಾವು ಮತ್ತು ಕೆಡುಕಿನ ಮೇಲೆ ಪಡೆದ ಜಯ ಅಂದವರಿದ್ದಾರೆ. 11ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್, ಮನುಷ್ಯ ಸಲ್ಲಿಸಬೇಕಿದ್ದ ಗೌರವದ ಬಾಕಿಯನ್ನು ಕ್ರಿಸ್ತ ಸಲ್ಲಿಸಿದ ಅಂತ ವಾದಿಸಿದ. ಪ್ರೊಟೆಸ್ಟೆಂಟ್ ಸಭೆಗಳು ಹುಟ್ಟಿದ 16ನೇ ಶತಮಾನದ ಸುಧಾರಣೆಯ ಕಾಲದವರು ನಮ್ಮ ಬದಲಿಗೆ ಶಿಕ್ಷೆ ಹೊತ್ತ ಅಂದರು. ಬೇರೆ ಬೇರೆ ಸಭೆಗಳು (ಚರ್ಚುಗಳು) ಒಂದೊಂದಕ್ಕೆ ಒತ್ತು ಕೊಡುತ್ತವೆ. ನಷ್ಟವನ್ನು ಹೊತ್ತದ್ದು ತಪ್ಪು ಮಾಡಿದವನಲ್ಲ ಅನ್ನುವುದು ಎಲ್ಲದರಲ್ಲೂ ಇದೆ.

ಕೂಲಿ ಮತ್ತು ಕೊಡುಗೆ

'ಮಾಡಿದ್ದುಣ್ಣೋ ಮಾರಾಯ' ಅನ್ನುತ್ತೇವಲ್ಲ. ಅದು ನ್ಯಾಯದ ಮಾತು. ಲೋಕ ನಡೆಯುವುದೂ ಬಹುಪಾಲು ಹಾಗೆಯೇ, ಅದಕ್ಕೇ ಆ ಮಾತು ಇಷ್ಟು ಗಟ್ಟಿಯಾಗಿ ಉಳಿದಿದೆ. ಬೈಬಲಿನಲ್ಲೂ ಅಂಥ ಮಾತಿದೆ, ಮನುಷ್ಯ ತಾನು ಬಿತ್ತಿದ್ದನ್ನೇ ಕೊಯ್ಯುತ್ತಾನೆ ಅಂತ ಮೊದಮೊದಲ ಕ್ರೈಸ್ತ ಬೋಧಕ ಪೌಲ ಗಲಾತ್ಯದ ಕ್ರೈಸ್ತರಿಗೆ ಪತ್ರದಲ್ಲಿ ಬರೆಯುತ್ತಾನೆ. ಕೃಪೆ ಅನ್ನುವುದು ಈ ಗಾದೆಯನ್ನು ಅಲ್ಲಗಳೆಯುವುದಿಲ್ಲ, ಅದರ ಮಧ್ಯೆ ನುಗ್ಗಿ ಬರುತ್ತದೆ. ಉಣ್ಣಬೇಕಾದದ್ದನ್ನು ಉಣ್ಣದ ಹಾಗೆ ಮಾಡುವುದು ಕರುಣೆ. ಗಳಿಸದೇ ಇದ್ದದ್ದನ್ನು ಎಲೆಗೆ ಬಡಿಸುವುದು ಕೃಪೆ. ಹಂದಿಗಳ ಮಧ್ಯದಿಂದ ಬಂದವನನ್ನು ಹೊಡೆಯದೆ ಒಳಗೆ ಬಿಟ್ಟಿದ್ದರೆ ಕರುಣೆ ಅನ್ನಬಹುದಿತ್ತು. ಉಂಗುರ ಹಾಕಿದ್ದು ಕೃಪೆ.

ಪೌಲನಿಗೂ ಈ ಕೂಲಿಯ ಹೋಲಿಕೆ ಬಹಳ ಇಷ್ಟ. ಕೆಲಸ ಮಾಡಿದವನಿಗೆ ಕೂಲಿ ಕೊಟ್ಟರೆ ಅದು ಕೃಪೆ ಅಲ್ಲ, ಕೊಡಲೇಬೇಕಾದದ್ದು ಅಂತ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಅದೇ ಪತ್ರದ 6ನೇ ಅಧ್ಯಾಯದ ಕೊನೆಯಲ್ಲಿ ಪಾಪ ಸಂಬಳ ಕೊಡುತ್ತದೆ, ದೇವರು ವರ ಕೊಡುತ್ತಾನೆ ಅನ್ನುವ ಎದುರುಬದುರು ಇದೆ. ಒಂದು ಕಡೆ ಸಂಬಳ, ಇನ್ನೊಂದು ಕಡೆ ಕೊಡುಗೆ. ದೇವರು ಸಂಬಳ ಕೊಡುತ್ತಾನೆ ಅಂತ ಬರೆಯಲು ಅವನಿಗೆ ಸುಲಭವಿತ್ತು, ಬರೆಯಲಿಲ್ಲ.

ನಿಜ ಹೇಳಬೇಕೆಂದರೆ ಇದು ನಮಗೆ ಹಿತ ಅನ್ನಿಸುವುದಿಲ್ಲ. ದ್ರಾಕ್ಷಿತೋಟದ ಕೂಲಿಗಳ ಕಥೆ ಓದಿದರೆ ಗೊತ್ತಾಗುತ್ತದೆ, ಮತ್ತಾಯ 20ರಲ್ಲಿದೆ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವರಿಗೂ ಒಂದು ದೇನಾರಿ, ಸಂಜೆ ಐದರ ಹೊತ್ತಿಗೆ ಬಂದು ಒಂದೇ ಗಂಟೆ ದುಡಿದವರಿಗೂ ಒಂದು ದೇನಾರಿ. ಓದುವಾಗ ನನ್ನ ಮನಸ್ಸು ಪ್ರತಿಸಲ ಬೆಳಗ್ಗೆಯವರ ಕಡೆಯೇ ವಾಲುತ್ತದೆ. ಯಾಕೆಂದರೆ ನಾನು ನನ್ನನ್ನು ಬೆಳಗ್ಗೆ ಬಂದವನು ಅಂತಲೇ ಎಣಿಸಿಕೊಂಡಿದ್ದೇನೆ. ಕೃಪೆ ಅನ್ಯಾಯದ ಹಾಗೆ ಕಾಣುವುದು ಅದು ಬೇರೆಯವರಿಗೆ ಸಿಕ್ಕಾಗ, ಅಲ್ವಾ?

ಈ ವಿಷಯದಲ್ಲಿ ಸಭೆಯೊಳಗೆ ಜಗಳ ಹೊಸದೇನಲ್ಲ. 5ನೇ ಶತಮಾನದ ಆರಂಭದಲ್ಲಿ ಪೆಲಾಗಿಯಸ್ ಅನ್ನುವವನು ಮನುಷ್ಯ ಮನಸ್ಸು ಮಾಡಿದರೆ ದೇವರ ಆಜ್ಞೆಯ ಪ್ರಕಾರ ಬದುಕಬಲ್ಲ ಅಂತ ಕಲಿಸಿದ, ಉತ್ತರ ಆಫ್ರಿಕಾದ ಬಿಷಪ್ ಆಗಸ್ಟೀನ್ ಅದನ್ನು ಕಟುವಾಗಿ ವಿರೋಧಿಸಿದ, ಆ ಮನಸ್ಸು ಮಾಡುವುದಕ್ಕೂ ಕೃಪೆ ಬೇಕು ಅಂದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭಾಮಂಡಲಿ ಆಗಸ್ಟೀನನ ಪಕ್ಷ ಹಿಡಿಯಿತು. ಆಮೇಲೆ ಸಾವಿರ ವರ್ಷ ದಾಟಿ ಜರ್ಮನಿಯ ಮಾರ್ಟಿನ್ ಲೂಥರ್. 1505ರಲ್ಲಿ ಮಠ ಸೇರಿದ ಈ ಯುವಕ ಉಪವಾಸ, ಜಾಗರಣೆ ಎಲ್ಲ ಮಾಡಿದ. ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಆದರೂ ಯಾವುದೋ ಒಂದು ತಪ್ಪು ಹೇಳುವುದು ಮರೆತೆನಾ ಅನ್ನುವ ಭಯ ಬಿಡುತ್ತಿರಲಿಲ್ಲ. 'ದೇವರ ನೀತಿ' ಅನ್ನುವ ಪದ ಕಂಡರೆ ಅವನಿಗೆ ಸಿಟ್ಟು ಬರುತ್ತಿತ್ತು, ಏಕೆಂದರೆ ಅದು ತನ್ನನ್ನು ಅಳೆಯುವ ಕೋಲು ಅಂದುಕೊಂಡಿದ್ದ. ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯವನ್ನು ಮತ್ತೆ ಮತ್ತೆ ಓದುತ್ತಾ ಓದುತ್ತಾ, ಇದು ದೇವರು ಅಳೆಯುವ ನೀತಿ ಅಲ್ಲ, ಕೊಡುವ ನೀತಿ ಅಂತ ಹೊಳೆಯಿತು. ಅಲ್ಲಿಂದ ಮುಂದೆ ಯೂರೋಪಿನ ಸಭೆ ಒಡೆದದ್ದು ದೊಡ್ಡ ಕಥೆ, ಅದರಲ್ಲಿ ರಾಜಕೀಯವೂ ಹಣವೂ ಬೇಕಾದಷ್ಟು ಸೇರಿಕೊಂಡಿತು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ ವಿಶ್ವ ಒಕ್ಕೂಟ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ ಮಾತ್ರ, ನಮ್ಮ ಯಾವುದೇ ಯೋಗ್ಯತೆ ನೋಡಿ ಅಲ್ಲ, ಮತ್ತು ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ ಅಂತ ಎರಡೂ ಕಡೆಯವರು ಒಟ್ಟಿಗೆ ಒಪ್ಪಿಕೊಂಡರು. ಭಿನ್ನಾಭಿಪ್ರಾಯ ಇನ್ನೂ ಇದೆ. ಆದರೆ ಬುಡದಲ್ಲಿ ಅಲ್ಲ.

ಹಾಗಾದರೆ ಏನು ಬೇಕಾದರೂ ಮಾಡಬಹುದಾ?

ಈ ಪ್ರಶ್ನೆ ಬರಲೇಬೇಕು. ಬರದಿದ್ದರೆ ಕೃಪೆಯನ್ನು ಸರಿಯಾಗಿ ವಿವರಿಸಿಲ್ಲ ಅಂತಲೇ ಅರ್ಥ. ಪೌಲನಿಗೂ ಇದನ್ನು ಕೇಳಿದ್ದರು ಅನ್ನಿಸುತ್ತದೆ. ಕೃಪೆ ಜಾಸ್ತಿಯಾಗಲಿ ಅಂತ ಪಾಪದಲ್ಲೇ ಇರೋಣವಾ ಅಂತ ತಾನೇ ಪ್ರಶ್ನೆ ಹಾಕಿಕೊಂಡು, ಎಂದಿಗೂ ಇಲ್ಲ ಅನ್ನುತ್ತಾನೆ. ಜರ್ಮನಿಯ ಪಾದ್ರಿ ಡೀಟ್ರಿಚ್ ಬೋನ್‌ಹಾಫರ್ 1937ರಲ್ಲಿ ಇದಕ್ಕೆ 'ಅಗ್ಗದ ಕೃಪೆ' ಅಂತ ಹೆಸರು ಕೊಟ್ಟ. ಪಶ್ಚಾತ್ತಾಪ ಇಲ್ಲದ ಕ್ಷಮೆ, ಹಿಂಬಾಲಿಸುವ ಮನಸ್ಸಿಲ್ಲದ ಭಕ್ತಿ. ಹಿಟ್ಲರನ ಆಡಳಿತವನ್ನು ವಿರೋಧಿಸಿದ್ದಕ್ಕೆ ಅವನನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಅವನ ಬಾಯಲ್ಲಿ ಈ ಮಾತಿಗೆ ತೂಕವಿದೆ.

ನನಗೆ ಈ ಗಂಟು ಬಿಡಿಸಿದ್ದು ಜಕ್ಕಾಯನ ಕಥೆ. ಅವನು ಸುಂಕದವರ ಮುಖ್ಯಸ್ಥ, ಹಣವಂತ, ಕುಳ್ಳ. ಜನರ ದುಡ್ಡು ಹಿಂಡುವವನು ಅಂತ ಊರೆಲ್ಲ ಅವನನ್ನು ದ್ವೇಷಿಸುತ್ತಿತ್ತು. ಯೇಸು ಯೆರಿಕೋ ಪಟ್ಟಣದ ಮೂಲಕ ಹೋಗುವಾಗ ನೋಡಬೇಕು ಅಂತ ಮರ ಹತ್ತಿ ಕೂತಿದ್ದಾನೆ. ಯೇಸು ಮರದ ಕೆಳಗೆ ನಿಂತು, ಜಕ್ಕಾಯಾ, ಬೇಗ ಇಳಿದು ಬಾ, ಇವತ್ತು ನಾನು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅನ್ನುತ್ತಾನೆ. ಜನ ಗೊಣಗುತ್ತಾರೆ. ಜಕ್ಕಾಯ ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ, ಯಾರಿಂದಲಾದರೂ ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅನ್ನುತ್ತಾನೆ. ಯಾವುದು ಮೊದಲು ಬಂತು, ನೋಡಿ. ಮೊದಲು ಹಣ ವಾಪಸ್ ಕೊಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ ಅಂತ ಯೇಸು ಹೇಳಲಿಲ್ಲ. ಮನೆಗೆ ಬಂದ. ನಾಲ್ಕರಷ್ಟು ಲೆಕ್ಕ ಆಮೇಲೆ ಹುಟ್ಟಿತು, ಅದೂ ಯಾರೂ ಕೇಳದೆ.

ನಾವು ಸಾಮಾನ್ಯವಾಗಿ ಇದನ್ನು ತಿರುಗಿಸಿ ಇಟ್ಟುಕೊಂಡಿರುತ್ತೇವೆ. ಮೊದಲು ಸರಿಹೋಗುತ್ತೇನೆ, ಈ ಚಟ ಬಿಡುತ್ತೇನೆ, ಸ್ವಲ್ಪ ಕ್ಲೀನ್ ಆಗುತ್ತೇನೆ, ಆಮೇಲೆ ದೇವರ ಹತ್ತಿರ ಹೋಗೋಣ ಅಂತ. ಜ್ವರ ಇಳಿದ ಮೇಲೆ ಡಾಕ್ಟರ ಹತ್ತಿರ ಹೋಗುತ್ತೇನೆ ಅಂದ ಹಾಗೆ ಇದು.

ಇಲ್ಲಿ ನನ್ನದೇ ಒಂದು ವಿಷಯ ಹೇಳುತ್ತೇನೆ. ಬಹಳ ಹಿಂದೆ ಒಬ್ಬ ಗೆಳೆಯ ನಂಬಿ ಹೇಳಿದ್ದ ಮಾತನ್ನು ನಾನು ಬೇರೆ ಕಡೆ ಆಡಿಬಿಟ್ಟೆ. ಸುಮ್ನೆ, ನಾಲ್ಕು ಜನರ ಮಧ್ಯೆ ಜೋರಾಗಿ ಕಾಣಬೇಕು ಅಂತ. ಅವನಿಗೆ ಗೊತ್ತಾಯಿತು. ಹೋಗಿ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ನೋವಾಯ್ತು, ಆದ್ರೆ ಕ್ಷಮಿಸಿದೀನಿ ಅಂದ. ಅಲ್ಲಿಗೆ ಮುಗಿಯಬೇಕಿತ್ತು. ನಾನು ಮುಗಿಸಲಿಲ್ಲ. ಮುಂದಿನ ಒಂದೂವರೆ ವರ್ಷ ಅವನು ಕರೆದಲ್ಲಿಗೆಲ್ಲ ಹೋದೆ. ಅವನ ಕೆಲಸಗಳನ್ನು ನಾನೇ ಮೈಮೇಲೆ ಹಾಕಿಕೊಂಡೆ. ಅವನು ತಪ್ಪಾಗಿ ಮಾತಾಡಿದಾಗಲೂ ಹ್ಞೂಂ ಅಂದೆ. ಒಂದು ದಿನ ಅವನೇ ಕೇಳಿದ, 'ಲೋ, ನೀನು ಇನ್ನೂ ಕಂತು ಕಟ್ತಾ ಇದೀಯಾ?' ಉತ್ತರ ಹೊಳೆಯಲಿಲ್ಲ. ಆಮೇಲೆ ಅವನು ಹೇಳಿದ್ದು ಇನ್ನೂ ಚುಚ್ಚಿತು: 'ನನಗೆ ಗೆಳೆಯ ಬೇಕಿತ್ತು ಕಣೋ, ಆಳು ಬೇಕಿರ್ಲಿಲ್ಲ.' ವಿನಯ ಅಂತ ನಾನು ಅಂದುಕೊಂಡದ್ದು ಅವನ ಕಣ್ಣಿಗೆ ಅವನ ಮಾತಿನ ಮೇಲೆ ನನಗಿದ್ದ ಅಪನಂಬಿಕೆಯಾಗಿ ಕಂಡಿತ್ತು. ಕ್ಷಮಿಸಿದ್ದೇನೆ ಅಂದವನಿಗೆ ಕಂತು ಕಟ್ಟುತ್ತಾ ಹೋದರೆ ನಿನ್ನ ಮಾತು ಸುಳ್ಳು ಅಂದ ಹಾಗೆಯೇ ತಾನೇ.

ನನ್ನ ಬೆಲೆ ಎಷ್ಟು?

ಅದೇ 15ನೇ ಅಧ್ಯಾಯದಲ್ಲಿ ಮಗನ ಕಥೆಗಿಂತ ಮೊದಲು ಇನ್ನೊಂದು ಪುಟ್ಟ ಕಥೆ ಇದೆ, ಮೂರೇ ವಚನ. ಒಬ್ಬ ಹೆಂಗಸಿನ ಹತ್ತಿರ 10 ಬೆಳ್ಳಿ ನಾಣ್ಯ ಇವೆ, ಒಂದು ಕಳೆದುಹೋಗುತ್ತದೆ. ದೀಪ ಹಚ್ಚಿ, ಮನೆ ಗುಡಿಸಿ, ಸಿಗುವ ತನಕ ಹುಡುಕುತ್ತಾಳೆ. ಮೂಲೆಯಲ್ಲಿ ಧೂಳು ಮೆತ್ತಿಕೊಂಡು ಬಿದ್ದಿದ್ದಾಗಲೂ ಆ ನಾಣ್ಯದ ಬೆಲೆ ಒಂದು ಕಾಸೂ ಕಡಿಮೆಯಾಗಿರಲಿಲ್ಲ. ಕಳೆದುಹೋಗಿತ್ತು ನಿಜ, ಚಲಾವಣೆಯಲ್ಲಿ ಇರಲಿಲ್ಲ ನಿಜ. ಆದರೆ ಬೆಲೆ ಹೋಗಿದ್ದರೆ ಅವಳು ದೀಪ ಯಾಕೆ ಹಚ್ಚುತ್ತಿದ್ದಳು? (ನಾಣ್ಯ ಪಶ್ಚಾತ್ತಾಪ ಪಡುವುದಿಲ್ಲ ಅನ್ನುವುದೂ ನನಗೆ ಪ್ರತಿಸಲ ತಮಾಷೆಯಾಗಿ ಕಾಣುತ್ತದೆ. ತಾನು ಕಳೆದುಹೋಗಿದ್ದೇನೆ ಅಂತಲೂ ಅದಕ್ಕೆ ಗೊತ್ತಿಲ್ಲ.)

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯ ಮನುಷ್ಯನನ್ನು ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದ ಅನ್ನುತ್ತದೆ. ಗಂಡಸನ್ನೂ ಹೆಂಗಸನ್ನೂ. ತಪ್ಪಿನ ಕಥೆ ಬರುವುದು 3ನೇ ಅಧ್ಯಾಯದಲ್ಲಿ. ಅಂದರೆ ಮುದ್ರೆ ಮೊದಲು ಬಿದ್ದಿದೆ, ಧೂಳು ಆಮೇಲೆ ಮೆತ್ತಿಕೊಂಡಿದೆ. ಚರ್ಚಿನಲ್ಲಿ ಮಾಡುವ ಕೆಲವು ಪ್ರಸಂಗಗಳಲ್ಲಿ (ಉಪದೇಶಗಳಲ್ಲಿ) ನೀನು ಹುಳ, ನೀನು ಕಸ ಅನ್ನುವುದೇ ಜಾಸ್ತಿ ಕೇಳಿಸುತ್ತದೆ. ಅಂಥ ಪ್ರಸಂಗಗಳು 3ನೇ ಅಧ್ಯಾಯದಿಂದ ಬೈಬಲ್ ಶುರುವಾದ ಹಾಗೆ ಮಾತಾಡುತ್ತವೆ ಅಂತ ನನ್ನ ತಕರಾರು.

ಇನ್ನೊಂದು ಬದಿಗೂ ಗುಂಡಿ ಇದೆ. ಕನ್ನಡಿ ಮುಂದೆ ನಿಂತು ನಾನು ಗ್ರೇಟ್, ನಾನು ಸೂಪರ್ ಅಂತ ಹೇಳಿಕೊಳ್ಳುವುದು. ಒಳ್ಳೆಯ ದಿನ ಅದು ನಡೆಯುತ್ತದೆ, ಕೆಟ್ಟ ದಿನ ಕೈಕೊಡುತ್ತದೆ, ಯಾಕೆಂದರೆ ಹೇಳುವವರೂ ನಾವೇ, ನಂಬಬೇಕಾದವರೂ ನಾವೇ. ಪೌಲ ಇದಕ್ಕೆ ಒಂದು ವಿಚಿತ್ರ ಮೂರನೇ ದಾರಿ ಹಿಡಿಯುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ನೀವು ನನ್ನ ಬಗ್ಗೆ ತೀರ್ಪು ಕೊಟ್ಟರೂ ಅದು ನನಗೆ ದೊಡ್ಡದಲ್ಲ, ನನ್ನ ಬಗ್ಗೆ ನಾನೂ ತೀರ್ಪು ಕೊಟ್ಟುಕೊಳ್ಳುವುದಿಲ್ಲ ಅನ್ನುತ್ತಾನೆ. ಊರಿನ ಮಾತು ಕೇಳಬೇಡ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಾತನ್ನೂ ಕೇಳುವುದಿಲ್ಲ ಅಂದವರು ಕಡಿಮೆ. ಈ ಪೌಲನ ಹಿಂದಿನ ಬದುಕು ಸಣ್ಣದೇನಲ್ಲ. ಯೇಸುವನ್ನು ನಂಬಿದ್ದ ಸ್ತೆಫನನನ್ನು ಕಲ್ಲೆಸೆದು ಕೊಲ್ಲುವಾಗ ಕೊಲ್ಲುವವರ ಬಟ್ಟೆ ಕಾಯುತ್ತಾ ನಿಂತಿದ್ದವನು ಅವನೇ. ಅದನ್ನು ಮುಚ್ಚಿಡಲಿಲ್ಲ. ದೇವರ ಸಭೆಯನ್ನು ಹಿಂಸಿಸಿದವನು ನಾನು, ಅಪೊಸ್ತಲ (ಯೇಸು ಕಳುಹಿಸಿದ ದೂತ) ಅನ್ನಿಸಿಕೊಳ್ಳಲು ಯೋಗ್ಯನಲ್ಲ ಅಂತ ಬರೆದು, ಮುಂದಿನ ಸಾಲಿನಲ್ಲೇ, ಆದರೆ ನಾನು ಏನಾಗಿದ್ದೇನೋ ಅದು ದೇವರ ಕೃಪೆಯಿಂದಲೇ ಅನ್ನುತ್ತಾನೆ. ಎರಡು ಸಾಲೂ ಒಂದೇ ಉಸಿರಿನಲ್ಲಿ.

ನನ್ನನ್ನು ನಾನು ಹೇಗೆ ಕ್ಷಮಿಸಿಕೊಳ್ಳಲಿ ಅಂತ ತುಂಬ ಜನ ಕೇಳುತ್ತಾರೆ. ದೇವರು ಕ್ಷಮಿಸಿರಬಹುದು, ನನ್ನ ಕೈಲಿ ಆಗುತ್ತಿಲ್ಲ ಅಂತ. ಬೈಬಲಿನಲ್ಲಿ ತನ್ನನ್ನು ತಾನು ಕ್ಷಮಿಸಿಕೋ ಅನ್ನುವ ಮಾತೇ ಸಿಗುವುದಿಲ್ಲ. ಮೊದಲು ಇದು ಕೊರತೆ ಅನ್ನಿಸಿತ್ತು, ಈಗ ನನಗೆ ಇದರಲ್ಲೇ ಸಮಾಧಾನ ಕಾಣುತ್ತದೆ. ಆ ಕೆಲಸ ನನ್ನದಲ್ಲ ಅಂತಾಯಿತಲ್ಲ! ಯೋಹಾನನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ನಮ್ಮ ಹೃದಯ ನಮ್ಮನ್ನು ದೋಷಿ ಅಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಅನ್ನುವ ಮಾತಿದೆ. ಒಳಗೆ ಕೂತು ತೀರ್ಪು ಓದುವ ಆ ದನಿ ಕೆಳಕೋರ್ಟು. ಮೇಲ್ಮನವಿ ಹಾಕಬಹುದು.

ತಪ್ಪು ಮಾಡಿದೆ ಅನ್ನುವುದು ಬೇರೆ, ನಾನೇ ಒಂದು ತಪ್ಪು ಅನ್ನುವುದು ಬೇರೆ. ಮೊದಲನೆಯದು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ, ಇಂಥ ಕಡೆ ಅಂತ ತೋರಿಸುತ್ತದೆ, ತೆಗೆದರೆ ಹೋಗುತ್ತದೆ. ಎರಡನೆಯದು ಎಲ್ಲಿ ಅಂತ ತೋರಿಸುವುದೇ ಇಲ್ಲ, ಮೈತುಂಬ ಉರಿ. ಪ್ರಾರ್ಥನೆ ಮಾಡಿದರೂ ತಿಂಗಳುಗಟ್ಟಲೆ ಈ ಉರಿ ಇಳಿಯದೆ, ನಿದ್ದೆ ಊಟ ಕೆಟ್ಟು, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ನಂಬಿಕೆ ಕಡಿಮೆ ಆದದ್ದಕ್ಕಲ್ಲ. ಖಿನ್ನತೆ ಅನ್ನುವುದು ಕಾಯಿಲೆ. ತಡ ಮಾಡದೆ ಹತ್ತಿರದವರಿಗೆ ಹೇಳಿ, ವೈದ್ಯರನ್ನು ನೋಡಿ. ಲೂಕನೂ ವೈದ್ಯನಾಗಿದ್ದ ಅಂತ ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿದೆ.

ಹಿರಿಮಗನನ್ನು ಮರೆಯಬಾರದು. ಬೆಲೆಯ ಪ್ರಶ್ನೆ ತಪ್ಪು ಮಾಡಿದವರದ್ದು ಮಾತ್ರ ಅಂತ ಅಂದುಕೊಂಡರೆ ಅವನು ಎದುರಿಗೆ ನಿಲ್ಲುತ್ತಾನೆ. ಹೊಲದಿಂದ ಬಂದವನು ಹಾಡು ಕುಣಿತದ ಸದ್ದು ಕೇಳಿ ಒಳಗೆ ಹೋಗದೆ ಹೊರಗೆ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಂಡರೆ, ಇಷ್ಟು ವರ್ಷ ನಿನಗೆ ಗುಲಾಮನ ಹಾಗೆ ದುಡಿದೆ, ನನಗೊಂದು ಆಡಿನ ಮರಿ ಕೂಡ ಕೊಡಲಿಲ್ಲ ಅನ್ನುತ್ತಾನೆ. ನೋಡಿ, ಕಿರಿಯವನು ಕೂಲಿಯಾಳಾಗಲು ಬಂದ, ಹಿರಿಯವನು ಮನೆಯಲ್ಲೇ ಇದ್ದು ಆಳಾಗಿಬಿಟ್ಟಿದ್ದಾನೆ. ಒಬ್ಬನದು ಬಾಕಿ ಪುಸ್ತಕ, ಇನ್ನೊಬ್ಬನದು ಜಮಾ ಪುಸ್ತಕ. ಮಕ್ಕಳು ಅನ್ನುವುದನ್ನು ಇಬ್ಬರೂ ಮರೆತಿದ್ದಾರೆ. ಸಭೆಯಲ್ಲಿ, ಮನೆಯಲ್ಲಿ ಎಲ್ಲ ಸರಿಯಾಗಿ ಮಾಡುತ್ತಾ, ಒಳಗೊಳಗೇ ಕಹಿಯಾಗುತ್ತಾ ಹೋಗುವವರನ್ನು ಕಂಡಾಗ ನನಗೆ ಇವನ ನೆನಪಾಗುತ್ತದೆ. ಕನ್ನಡಿಯಲ್ಲೂ ಒಮ್ಮೊಮ್ಮೆ ಕಂಡಿದ್ದಾನೆ.

ಅನ್ಯಾಯ ಆದವರಿಗೆ ಎರಡು ಮಾತು

ಕ್ಷಮಿಸು ಅನ್ನುವ ಮಾತನ್ನು ಆಯುಧದ ಹಾಗೆ ಬಳಸುವವರಿದ್ದಾರೆ. ಹೊಡೆಯುವ ಗಂಡನ ಮನೆಗೆ ವಾಪಸ್ ಹೋಗು, ನೀನು ಕ್ರೈಸ್ತಳಲ್ವಾ ಅನ್ನುವ ಥರ. ಇದು ತಪ್ಪು. ಕ್ಷಮಿಸುವುದು ಬೇರೆ, ಮತ್ತೆ ಒಂದಾಗುವುದು ಬೇರೆ. ಕ್ಷಮಿಸಲು ಒಬ್ಬರು ಸಾಕು. ಒಂದಾಗಲು ಇಬ್ಬರು ಬೇಕು, ತಪ್ಪು ಮಾಡಿದವನ ನಿಜವಾದ ಬದಲಾವಣೆ ಬೇಕು, ಕಾಲ ಬೇಕು. ಸೇಡು ನಾನು ತೀರಿಸುವುದಿಲ್ಲ ಅಂತ ತೀರ್ಮಾನಿಸಿಯೂ ಪೊಲೀಸರಿಗೆ ದೂರು ಕೊಡಬಹುದು, ದೂರ ಇರಬಹುದು, ಬಾಗಿಲು ಹಾಕಿಕೊಳ್ಳಬಹುದು. ಕ್ಷಮೆ ಒಂದೇ ದಿನದಲ್ಲಿ ಆಗಬೇಕು ಅಂತಲೂ ಇಲ್ಲ. ಏಳೇ ಸಲವಲ್ಲ, ಏಳೆಪ್ಪತ್ತು ಸಲ ಅಂತ ಯೇಸು ಪೇತ್ರನಿಗೆ ಕೊಟ್ಟ ಉತ್ತರದಲ್ಲಿ, ಅದೇ ಒಂದು ಗಾಯವನ್ನು ಮತ್ತೆ ಮತ್ತೆ ಕ್ಷಮಿಸಬೇಕಾಗುವುದೂ ಸೇರಿದೆ ಅಂತ ನನ್ನ ಓದು.

ಇದನ್ನೆಲ್ಲ ತಲೆಯಿಂದ ಬದುಕಿಗೆ ಇಳಿಸುವುದು ಹೇಗೆ? ಕ್ಯಾಥೊಲಿಕ್ ಮತ್ತು ಆರ್ಥಡಾಕ್ಸ್ ಸಭೆಗಳಲ್ಲಿ ಗುರುಗಳ ಮುಂದೆ ಪಾಪನಿವೇದನೆ ಇದೆ. ಪ್ರೊಟೆಸ್ಟೆಂಟರಲ್ಲಿ ಹೆಚ್ಚಾಗಿ ಆರಾಧನೆಯಲ್ಲಿ ಎಲ್ಲರೂ ಸೇರಿ, ಇಲ್ಲವೇ ಒಬ್ಬರೇ ಕೂತು ನೇರವಾಗಿ. ಯಾವ ರೀತಿಯಾದರೂ ಹೆಸರು ಹಿಡಿದು ಹೇಳಬೇಕು. 'ನಾನು ಪಾಪಿ' ಅನ್ನುವುದು ಸುಲಭ, ಅದರಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. 'ಮೊನ್ನೆ ಅವಳ ಹತ್ತಿರ ಸುಳ್ಳು ಹೇಳಿದೆ' ಅನ್ನುವುದು ಕಷ್ಟ. ಬೈಬಲಿನ 51ನೇ ಕೀರ್ತನೆ ಓದುವುದು ಒಳ್ಳೆಯದು, ಬಾಯಿಗೆ ಮಾತು ಸಿಗದಿದ್ದರೆ ಅದೇ ಮಾತು ಸಾಲ ಕೊಡುತ್ತದೆ. ಹೇಳಿದ ಮೇಲೆ ಎದ್ದು ಬರಬೇಕು. ಆಮೇಲೆ ಸರಿಪಡಿಸಬೇಕಾದದ್ದನ್ನು ಸರಿಪಡಿಸಬೇಕು, ಜಕ್ಕಾಯನ ಹಾಗೆ.

ಪೇತ್ರನಿಗೆ ಆದದ್ದನ್ನು ನೋಡಿ. ಯೇಸುವನ್ನು ಹಿಡಿದ ರಾತ್ರಿ ಚಳಿ ಇತ್ತು. ಮಹಾಯಾಜಕನ ಅಂಗಳದಲ್ಲಿ ಇದ್ದಲ ಬೆಂಕಿ ಹಾಕಿಕೊಂಡು ಆಳುಗಳು ಕಾಯಿಸಿಕೊಳ್ಳುತ್ತಿದ್ದರು, ಪೇತ್ರನೂ ಅಲ್ಲಿ ಸೇರಿಕೊಂಡ. ಆ ರಾತ್ರಿ ಮೂರು ಸಲ, ಆ ಮನುಷ್ಯನ ಶಿಷ್ಯ ನಾನಲ್ಲ ಅಂದ. ಆಮೇಲೆ ಎಷ್ಟೋ ದಿನಕ್ಕೆ, ಸಾವಿನಿಂದ ಎದ್ದುಬಂದ ಯೇಸು ಗಲಿಲಾಯದ ಸರೋವರದ ದಡದಲ್ಲಿ ನಿಂತಿದ್ದಾನೆ. ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದಿದ್ದವರಿಗೆ ಅವನ ಮಾತಿನ ಮೇಲೆ ಬಲೆ ತುಂಬುತ್ತದೆ, 153 ಮೀನು ಅಂತ ಎಣಿಸಿದವರೂ ಇದ್ದಾರೆ. ದಡದಲ್ಲಿರುವುದು ಸ್ವಾಮಿ ಅಂತ ಗೊತ್ತಾದ ತಕ್ಷಣ ಪೇತ್ರ ಮೇಲಂಗಿ ಸುತ್ತಿಕೊಂಡು ನೀರಿಗೆ ಹಾರುತ್ತಾನೆ. ದಡ ಹತ್ತಿದರೆ ಎದುರಿಗೆ ಇದ್ದಲ ಬೆಂಕಿ. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಗ್ರೀಕ್ ಪದ ಬರುವುದು ಈ ಎರಡೇ ಕಡೆ, ಆ ಅಂಗಳದಲ್ಲಿ ಮತ್ತು ಈ ದಡದಲ್ಲಿ. ಅದೇ ಹೊಗೆಯ ವಾಸನೆ ಅವನ ಮೂಗಿಗೆ ಬಡಿದಿರಬೇಕು. ನನ್ನನ್ನು ಪ್ರೀತಿಸುತ್ತೀಯಾ ಅನ್ನುವ ಪ್ರಶ್ನೆ ಬರಲಿದೆ, ಮೂರು ಸಲ ಬರಲಿದೆ, ಮೂರನೇ ಸಲಕ್ಕೆ ಪೇತ್ರನಿಗೆ ದುಃಖವಾಗುತ್ತದೆ, ಮೂರು ಸಲವೂ ಕುರಿ ಕಾಯುವ ಕೆಲಸ ಅವನ ಕೈಗೆ ಸಿಗುತ್ತದೆ. ಆದರೆ ಅದೆಲ್ಲ ಊಟ ಆದ ಮೇಲೆ. ಬೆಂಕಿಯ ಮೇಲೆ ಮೀನು ಇತ್ತು, ರೊಟ್ಟಿ ಇತ್ತು. ಆ ಪ್ರಶ್ನೆಗಿಂತ ಮೊದಲು ಯೇಸು ಅವರಿಗೆ ಹೇಳಿದ್ದು, ಬನ್ನಿ, ಊಟ ಮಾಡಿ.